ಮೂರನೇ ಚರಣದವರೆಗೆ

ಬ್ರಿಟಾ ಹಾಡುವಾಗ ತೊಡುವ ನಿಲುವಂಗಿಯ ಒಂದು ತೋಳಿಗೆ ಇಸ್ತ್ರಿ ಮುಗಿಸಿ ಇನ್ನೊಂದನ್ನು ಹರಡಿಕೊಳ್ಳುವಷ್ಟರಲ್ಲಿ, ಅಡುಗೆಮನೆಯ ಬಾಗಿಲು ದಡಾರನೆ ತೆರೆಯಿತು.

ಎಲಿಯಾಸ್!

ಬೂಟಿನ ತುಂಬ ಕರಗಿದ ಹಿಮದ ಕೆಸರು. ತಲೆಗೆ ಟೋಪಿಯಿಲ್ಲ. ಕಣ್ಣಲ್ಲಿ ಕೆಂಡದಂಥ ಸಿಟ್ಟು.

"ಹಾಲ್ವರ್ಸನ್ ಸರ್‌ಗೆ ಹೇಳಿದ್ದು ನೀನೇನಾ?"

ಒಲೆಯ ಮುಂದೆ ಮೊಟ್ಟೆ ಕರಿಯುತ್ತಿದ್ದ ಮನೆಯೊಡತಿ ಡಾರ್ಲೀನ್ ತಿರುಗಿಯೂ ನೋಡಲಿಲ್ಲ. "ಬೂಟು ಬಿಚ್ಚಿ ಬಾಪ್ಪಾ. ಈಗಷ್ಟೇ ನೆಲ ಒರೆಸಿದೀನಿ."

ಅಷ್ಟು ಸಿಟ್ಟಿನಲ್ಲಿದ್ದವನು ತೆಪ್ಪಗೆ ಬಗ್ಗಿ ಬೂಟು ಬಿಚ್ಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಬೇರೆ ದಿನವಾಗಿದ್ದರೆ ಬ್ರಿಟಾ ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ.

"ಹೌದು... ನಾನೇ ಹೇಳಿದೆ."

"ಡಾಕ್ಟರ ಚೀಟಿ ಇಲ್ದೆ ಬಸ್ಸು ಹತ್ತೋ ಹಾಗಿಲ್ವಂತೆ! ಹತ್ತು ಗಂಟೆಗೆ ಬಸ್ಸು ಹೊರಡುತ್ತೆ. ನಾಡಿದ್ದು ನಮ್ಮೂರ ಚರ್ಚ್‌ನಲ್ಲಿ ಹಾಡೋದು ಬ್ರಿಟಾ... ಅಮ್ಮ, ತಂಗಿ ಏಡಾ ಮೊದಲನೇ ಸಾಲಲ್ಲೇ ಕೂತಿರ್ತಾರೆ. ನಾನೇ ಇಲ್ದಿದ್ರೆ?"

ಬ್ರಿಟಾ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

ನರ್ಸಿಂಗ್ ಎರಡನೇ ವರ್ಷದ ಹುಡುಗಿ ಅವಳು. ಮಾರ್ಚ್ ರಜೆಗೆ ಗೆಳತಿಯರೆಲ್ಲ ಫ್ಲೋರಿಡಾದ ಕಡಲತೀರಕ್ಕೆ ಹೋದರೆ, ಅವಳು ಕಾಲೇಜಿನ ಕ್ವಾಯರ್, ಅಂದರೆ ಚರ್ಚ್ ಹಾಡುಗಳ ಗಾಯನತಂಡದ ಜೊತೆ ಬಸ್ಸು ಹತ್ತಿದ್ದಳು. ದಿನಕ್ಕೊಂದು ಊರು, ಸಂಜೆಗೊಂದು ಚರ್ಚ್, ರಾತ್ರಿ ಆ ಚರ್ಚ್‌ನ ಯಾರದೋ ಮನೆಯಲ್ಲಿ ನಿದ್ದೆ. ನಿನ್ನೆ ರಾತ್ರಿ ಅದು ಡಾರ್ಲೀನ್ ಮನೆ.

ಮೂರನೇ ದಿನ ಹಾಡಿನ ನಡುವೆಯೇ ಹಿಂದಿನ ಸಾಲಿನಲ್ಲಿದ್ದ ಎಲಿಯಾಸ್ ಕುಸಿದು ಬಿದ್ದಿದ್ದ. ಯಾರೂ ಗಾಬರಿಯಾಗಲಿಲ್ಲ. ಕ್ವಾಯರ್‌ನಲ್ಲಿ ಯಾರು ತಲೆತಿರುಗಿ ಬಿದ್ದರೂ ಎಲ್ಲರ ಬಾಯಲ್ಲಿ ಒಂದೇ ಕಾರಣ. ಮಂಡಿ! ಅದನ್ನು ಬಿಗಿದು ತುಂಬ ಹೊತ್ತು ನಿಂತರೆ ತಲೆಗೆ ರಕ್ತ ಏರುವುದಿಲ್ಲವಂತೆ.

"ಮಂಡಿ ಸೆಟೆಸಿ ನಿಲ್ಲಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?" ಎಂದು ಕ್ವಾಯರ್ ನಡೆಸುವ ಹಾಲ್ವರ್ಸನ್ ಸರ್ ನಕ್ಕಿದ್ದರು. ಹುಡುಗರು ಅವನಿಗೆ 'ಮಂಡಿರಾಯ' ಎಂದು ಹೆಸರಿಟ್ಟರು.

ಬ್ರಿಟಾ ಕೂಡ ನಕ್ಕಿದ್ದಳು. ನಾಳೆ ನರ್ಸ್ ಆಗಬೇಕಾದವಳು... ಅವಳೂ ನಕ್ಕಿದ್ದಳು!

ನಿನ್ನೆ ಸಂಜೆ ಕೊನೆಯ ಹಾಡಿಗೆ ಎಂದಿನಂತೆ ಎಲ್ಲರೂ ಮೆಟ್ಟಿಲಿಳಿದು, ಸಭೆಯ ಸುತ್ತ ನಿಂತು, ಒಬ್ಬರ ಕೈ ಒಬ್ಬರು ಹಿಡಿದರು. ಅವಳ ಪಕ್ಕದಲ್ಲಿ ಯಾವತ್ತೂ ಇಲ್ಲದ ಎಲಿಯಾಸ್ ಬಂದು ನಿಂತಿದ್ದ. ಹಾಡುತ್ತ ಹಾಡುತ್ತ ಅವಳ ಬೆರಳು ಅವನ ಮಣಿಕಟ್ಟಿಗೆ ಜಾರಿತು.

ಅವನ ನಾಡಿ ಓಡುತ್ತಿತ್ತು. 'ನನ್ನಿಂದಾನಾ?' ಎಂದುಕೊಂಡು ಅವಳ ಕೆನ್ನೆ ಬಿಸಿಯಾಯಿತು.

ಆದರೆ... ಒಂದು, ಎರಡು... ಖಾಲಿ. ಮತ್ತೆ ನಾಲ್ಕೈದು ಒಟ್ಟಿಗೇ ಮುಗ್ಗರಿಸಿದ ಹಾಗೆ. ಮತ್ತೆ ಖಾಲಿ.

ಬ್ರಿಟಾ ಮೆಲ್ಲನೆ ಕೆಳಗೆ ನೋಡಿದಳು. ಅವನ ಮಂಡಿ ಹೇಗಿರಬೇಕೋ ಹಾಗೆ, ತುಸು ಬಾಗಿಯೇ ಇತ್ತು. ಹಾಗಾದರೆ ಅವತ್ತು ಅವನು ಬಿದ್ದದ್ದು ಮಂಡಿಯಿಂದಲ್ಲ! ಹಾಡು ಮುಗಿದ ಕೂಡಲೇ ಅವಳು ನೇರ ಹಾಲ್ವರ್ಸನ್ ಸರ್ ಬಳಿಗೆ ಹೋಗಿದ್ದಳು.

"ನಿನ್ನ ಪಕ್ಕ ನಿಲ್ಲೋಕೆ ಅಂತ ನಾನು ಜಾಗ ಬದಲಾಯಿಸ್ಕೊಂಡು ಬಂದಿದ್ದೆ, ಗೊತ್ತಾ?" ಎಲಿಯಾಸ್‌ನ ದನಿ ಒಡೆಯಿತು. "ನೀನು ಕೈ ಬಿಗಿಯಾಗಿ ಹಿಡಿದಾಗ ನಾನು ಏನೇನೋ ಅಂದ್ಕೊಂಡೆ. ನೀನು ನೋಡಿದ್ರೆ ನಾಡಿ ಎಣಿಸ್ತಿದ್ದೆ! ನಿಂಗೆ ನಾನು ಪರೀಕ್ಷೆಗೆ ಬರೋ ಒಂದು ಪಾಠ. ಅಷ್ಟೇ ತಾನೇ?"

'ಅಲ್ಲ' ಎಂದು ಅವಳ ಎದೆ ಕೂಗಿತು. ಬಾಯಿಗೆ ಬಂದದ್ದೇ ಬೇರೆ.

"ಎಲಿಯಾಸ್, ಅಪ್ಪ ಇಲ್ಲ ಅಂತ ಹೇಳಿದ್ದೆಯಲ್ಲ... ಅವರು ಹೇಗೆ ತೀರ್ಕೊಂಡ್ರು?"

ಅವನ ಮುಖದ ಸಿಟ್ಟೆಲ್ಲ ಒಮ್ಮೆಗೇ ಇಳಿಯಿತು. ಅವನು ಕುರ್ಚಿಯಲ್ಲಿ ಕುಸಿದು ಕುಳಿತ.

"ಹಾರ್ಟು. ನಲವತ್ತೊಂದಕ್ಕೇ. ಕೊಟ್ಟಿಗೆಯಲ್ಲಿ ಹಾಲು ಕರೆಯೋವಾಗ ಬಿದ್ರು... ಜೊತೆಗಿದ್ದದ್ದು ನನ್ನ ತಂಗಿ ಏಡಾ ಒಬ್ಬಳೇ. ಆಗ ಅವಳಿಗೆ ಆರು ವರ್ಷ. ಮೂರು ವರ್ಷ ಆಯ್ತು, ಆ ದಿನದ ಬಗ್ಗೆ ಅವಳು ಒಂದು ಮಾತೂ ಆಡಿಲ್ಲ. ನಾವೂ ಕೆದಕಿಲ್ಲ. ಈಗ ನಾನು ಹೋಗಿ, ನಂಗೂ ಅದೇ ಅನ್ಲಾ? ಮಂಡಿ ಅಂತಾನೇ ಇದ್ಬಿಡ್ಲಿ ಬ್ರಿಟಾ... ದಯವಿಟ್ಟು."

ಅವನಿಗೆ ಗೊತ್ತಿತ್ತು! ಗೊತ್ತಿದ್ದೇ ಹೆದರಿ ಬಚ್ಚಿಟ್ಟಿದ್ದ.

ಡಾರ್ಲೀನ್ ಒಲೆ ಆರಿಸಿ ಕಾರಿನ ಕೀಲಿ ಎತ್ತಿಕೊಂಡಳು. "ಉಳಿದ ಜಗಳ ಕಾರಲ್ಲಿ ಆಡ್ಕೊಳ್ಳಿ. ನಡೀರಿ ಆಸ್ಪತ್ರೆಗೆ."

"ನಿಂಗೆ ಬಸ್ಸು ತಪ್ಪಿಹೋಗುತ್ತೆ," ಎಂದ ಎಲಿಯಾಸ್ ಬ್ರಿಟಾಳತ್ತ ನೋಡದೆ.

"ಹೋಗ್ಲಿ ಬಿಡು. ನನ್ನ ಸಾಲಲ್ಲಿ ಹಾಡೋಕೆ ಇನ್ನೂ ಹನ್ನೊಂದು ಜನ ಇದಾರೆ."

ಕಾರಿನಲ್ಲಿ ಯಾರೂ ಜಗಳವಾಡಲಿಲ್ಲ.

ಆಸ್ಪತ್ರೆಯ ಒಳಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು. ಒಂಬತ್ತೂವರೆ... ಹತ್ತು... ಹತ್ತೂ ಮುಕ್ಕಾಲು. 'ದೇವರೇ, ನನ್ನ ಲೆಕ್ಕವೇ ತಪ್ಪಾಗಿರಲಿ. ಎಲ್ಲರೂ ನನ್ನನ್ನು ನೋಡಿ ನಗಲಿ. ಅವನು ಜನ್ಮದಲ್ಲಿ ನನ್ನ ಜೊತೆ ಮಾತಾಡದಿದ್ದರೂ ಸರಿ... ಬರೀ ಮಂಡಿಯಾಗಿರಲಿ!'

ಡಾರ್ಲೀನ್ ಯಂತ್ರದಿಂದ ಕಾಫಿ ತಂದುಕೊಟ್ಟಳು. ಬ್ರಿಟಾ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು.

"ನಾಡಿ ನೋಡಿದ್ದು ಯಾರು?"

ಬ್ರಿಟಾ ಎದ್ದು ನಿಂತಳು.

"ನೀನು ಸುಮ್ಮನಿದ್ದಿದ್ರೆ..." ಡಾಕ್ಟರಮ್ಮ ಮಾತನ್ನು ಅಲ್ಲಿಗೇ ಬಿಟ್ಟರು. "ಹೃದಯದ ಬಡಿತ ದಾರಿ ತಪ್ಪುತ್ತೆ ಅವನಿಗೆ. ಹೆದರ್ಬೇಡ, ಸಮಯಕ್ಕೆ ಬಂದಿದೀರಿ. ಇದಕ್ಕೆ ಔಷಧಿ ಇದೆ, ಬೇಕಾದ್ರೆ ಎದೆಯೊಳಗೆ ಇಡೋ ಪುಟ್ಟ ಯಂತ್ರಾನೂ ಇದೆ. ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಕಳಿಸ್ತೀವಿ. ಆದ್ರೆ ಇದು ಮನೆತನದಲ್ಲಿ ಬರೋ ಥರದ್ದು. ಅವನ ತಂಗಿಗೂ ಪರೀಕ್ಷೆ ಮಾಡಿಸ್ಲೇಬೇಕು."

ಬ್ರಿಟಾ ಒಳಗೆ ಹೋದಾಗ ಅವನ ಎದೆಯ ತುಂಬ ತಂತಿಗಳಿದ್ದವು. ತಲೆಯ ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಏರಿಳಿಯುತ್ತಿತ್ತು.

"ಬಾ, ಎಣಿಸು," ಎಂದ. ಚುಚ್ಚುವ ದನಿಯಲ್ಲ, ಸೋತ ದನಿ.

ಅವಳು ಮಂಚದ ಅಂಚಿನಲ್ಲಿ ಕುಳಿತಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು!

"ಆ ಹಾಡಿಗೆ ನಾಲ್ಕು ಚರಣ ಇದೆ ಎಲಿಯಾಸ್. ನಾನು ಎಣಿಸಿದ್ದು ಮೂರನೇದ್ರಲ್ಲಿ. ಮೊದಲ ಎರಡು ಚರಣ... ಸುಮ್ಮನೆ ಹಿಡ್ಕೊಂಡಿದ್ದೆ."

ಅವನು ಮೆಲ್ಲನೆ ಮುಖ ತಿರುಗಿಸಿದ. "ಎರಡು ಚರಣ?"

"ಪೂರ್ತಿ ಎರಡು. ಪದ ಎಲ್ಲ ಮರೆತುಹೋಗಿ ಬರೀ ಬಾಯಿ ಆಡಿಸ್ತಿದ್ದೆ." ಅವಳ ಕಣ್ಣು ತುಂಬಿತು. "ನೀನಂದ್ರೆ ನಂಗೆ ಅಷ್ಟು ಇಷ್ಟ. ಅದಕ್ಕೇ ಅಷ್ಟು ಹೆದರಿದ್ದು ನಾನು. ನೀನು ಬೈದ್ರೂ ಪರವಾಗಿಲ್ಲ, ಬದುಕಿರ್ಬೇಕು ಅನ್ನಿಸ್ತು."

"ಅಂದ್ರೆ ನಿನ್ನೆ ಸಂಜೆ ನೀನು ಹಾಡಲೇ ಇಲ್ಲ! ಹಾಲ್ವರ್ಸನ್ ಸರ್‌ಗೆ ಇದನ್ನ ನಾನು ಹೇಳ್ತೀನಿ ಇರು!"

ಅವನು ನಕ್ಕ. ಪರದೆ ಟಿಂಟಿಂ ಎಂದಿತು. ಇಬ್ಬರೂ ಬೆಚ್ಚಿಬಿದ್ದು ಅದನ್ನೇ ನೋಡಿದರು. ಗೆರೆ ಮತ್ತೆ ನಿಧಾನವಾಯಿತು.

"ಬ್ರಿಟಾ... ಮನೆಗೆ ಹೇಳ್ಬೇಕಲ್ಲ ಈಗ. ಏಡಾಗೂ ಪರೀಕ್ಷೆ ಅಂದ್ರು." ಅವನು ಅವಳ ಕೈ ಹಿಡಿದುಕೊಂಡ. "ಹೋಗ್ಬೇಡ. ಇಲ್ಲೇ ಇರು."

"ಇಲ್ಲೇ ಇದೀನಿ."

ಅವನು ಫೋನ್ ಮಾಡಿದ. ಅಮ್ಮ ಮೊದಲು ಅತ್ತರು. ಆಮೇಲೆ ಮೂಗೊರೆಸಿಕೊಂಡು ಆಸ್ಪತ್ರೆಯ ದಾರಿ ಕೇಳಿದರು. ಅಷ್ಟರಲ್ಲಿ ಫೋನು ಪುಟ್ಟ ಕೈಗೆ ಹೋಯಿತು. ಎಲಿಯಾಸ್ ಎಲ್ಲವನ್ನೂ ಅವಳಿಗೆ ಅರ್ಥವಾಗುವ ಹಾಗೆ, ಏನನ್ನೂ ಮುಚ್ಚಿಡದೆ ಹೇಳಿದ. ಅಪ್ಪನಿಗೆ ಏನಾಗಿದ್ದಿರಬಹುದು ಎನ್ನುವುದನ್ನೂ.

ಆ ಕಡೆಯಿಂದ ಉಸಿರಿನ ಸದ್ದು ಮಾತ್ರ.

"ಏಡಾ? ಪುಟ್ಟೀ, ಇದೀಯಾ?"

"ಅಣ್ಣಾ... ಒಂದು ಕೇಳ್ಲಾ? ಬೈಯಲ್ಲ ತಾನೇ?"

ಎಲಿಯಾಸ್ ಬ್ರಿಟಾಳನ್ನು ನೋಡಿದ. ಅವಳು ಹತ್ತಿರ ಸರಿದು ಅವನ ಭುಜಕ್ಕೆ ಭುಜ ಒತ್ತಿ ಕುಳಿತಳು. ಅವನು ಫೋನನ್ನು ಇಬ್ಬರಿಗೂ ಕೇಳಿಸುವಂತೆ ನಡುವೆ ಹಿಡಿದ.

"ಯಾವತ್ತೂ ಬೈಯಲ್ಲ ಕಂದ. ಇಲ್ಲಿ ಬ್ರಿಟಾ ಅಂತ ಇದಾಳೆ, ನನ್ನವಳು. ನರ್ಸ್ ಆಗ್ತಾಳೆ. ಏನು ಬೇಕಾದ್ರೂ ಕೇಳು. ಇಬ್ರೂ ಸೇರಿ ನಿಜಾನೇ ಹೇಳ್ತೀವಿ."

ಮೂರು ವರ್ಷ ಗಂಟಲಲ್ಲೇ ಉಳಿದಿದ್ದದ್ದು ಕೊನೆಗೂ ಹೊರಬಂತು.

"ಅವತ್ತು ಅಪ್ಪ ಬಿದ್ದಾಗ... ನಾನು ಇನ್ನೂ ಜೋರಾಗಿ ಓಡಿ ಅಮ್ಮನ್ನ ಕರೆದಿದ್ರೆ... ಅಪ್ಪ ಉಳೀತಿದ್ರಾ ಅಣ್ಣಾ?"