ಎರಡು ಜಾಕೆಟ್ ತೊಟ್ಟಿದ್ದವನು

ಫೆಬ್ರವರಿ ಒಂಬತ್ತರ ಸಂಜೆ ಅಲೆಕ್ಸಾಂಡ್ರಿಯಾದ ಸಿದಿ ಬಿಶ್ರ್ ಠಾಣೆಗೆ ಹೈಥಮ್ ಗಲಾಲ್ ಎಂಬಾತ ದೂರು ಕೊಡಲು ಬಂದ. ಊಟ ತಲುಪಿಸುವ ಆ್ಯಪ್ ಕಂಪನಿಯೊಂದರ ಮೇಲ್ವಿಚಾರಕ. ಸಮವಸ್ತ್ರದ ಬಣ್ಣದಿಂದಾಗಿ ಊರೆಲ್ಲ ಆ ಕಂಪನಿಯನ್ನು ನೀಲಿ ಎಂದೇ ಕರೆಯುತ್ತಿತ್ತು. ಆತ ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಬನಿಯನ್ನಿನ ಮೇಲೆ ಯಾರದೋ ಶಾಲು.

ಇನ್‌ಸ್ಪೆಕ್ಟರ್ ರಊಫ್ ಸಿದ್ಕಿ ಎದುರಿನ ಕುರ್ಚಿ ತೋರಿಸಿದ.

"ಏನು ಹೋಯ್ತು?"

"ಜಾಕೆಟ್, ಬಾಷಾ. ಅಂಗಿ." ಅಧಿಕಾರಿಗಳನ್ನು ಅಲ್ಲಿ ಎಲ್ಲರೂ ಬಾಷಾ, ಅಂದರೆ ಸಾಹೇಬರೇ, ಎಂದೇ ಕರೆಯುವುದು.

"ಫೋನು? ಪರ್ಸು?"

"ಎರಡೂ ಇವೆ. ಹೊಡೆದು ಕೆಡವಿ, ಜಾಕೆಟ್ಟು ಅಂಗಿ ಕಿತ್ತು ಸಮುದ್ರಕ್ಕೆ ಎಸೆದ. ಹೆಲ್ಮೆಟ್ ತೆಗೀಲೇ ಇಲ್ಲ."

"ಯಾರ ಮೇಲೆ ಅನುಮಾನ?"

"ನಾನು ಬ್ಲಾಕ್ ಮಾಡಿರೋ ಯಾವನೋ ರೈಡರ್. ಒಂದೇ ಹೊತ್ತಿಗೆ ಮೂರು ಮೂರು ಕಂಪನಿಗೆ ದುಡೀತಾರೆ ಈ ನನ್ಮಕ್ಳು. ಚೀಲದಲ್ಲಿ ಬೇರೆಯವರ ಊಟ ಸಿಕ್ಕಿದ್ರೆ ಅಲ್ಲೇ ಬ್ಲಾಕ್. ಬಾಲ ಬಿಚ್ಚಿದ್ರೆ ಬಿಡ್ತೀನಾ?"

ಕತ್ತಿನ ಕೆಳಗಿನ ಮೂಳೆ ಮುರಿದಿದೆ ಎಂದು ವೈದ್ಯರು ಬರೆದುಕೊಟ್ಟರು. ಎಫ್‌ಐಆರ್ ದಾಖಲಾಯಿತು. ಕತ್ತಲಾಗುವ ಮೊದಲೇ ರಊಫ್, ಹೆಡ್‌ಕಾನ್‌ಸ್ಟೆಬಲ್ ಬಯ್ಯೂಮಿಯನ್ನು ಕರೆದುಕೊಂಡು ಕಡಲದಂಡೆ ರಸ್ತೆಗೆ ಹೋದ. ಸ್ಥಳದಲ್ಲಿ ಜೋಳದ ತೆನೆ ಸುಡುತ್ತಿದ್ದ ಮುದುಕಿ ಹಾಜಾ ಇಕ್ರಾಮ್ ಎಲ್ಲವನ್ನೂ ಕಂಡಿದ್ದಳು.

"ಹೊಡೆದವನು ಏನಾದ್ರೂ ಮಾತಾಡಿದ್ನಾ?"

"ಒಂದೇ ಮಾತು. 'ಎತ್ತು ಅಂದ್ಯಲ್ಲ, ಈಗ ನಿನ್ನ ಎತ್ತೋರು ಯಾರು?' ಅಂದ. ಅಳ್ತಾ ಇದ್ದ ಮಗಾ. ಹೊಡೆಯೋನು ಅಳೋದನ್ನ ನಾನು ನೋಡಿದ್ದು ಇದೇ ಮೊದಲು."

"ಹಿಂದೆ ಇಲ್ಲೇನಾದ್ರೂ ಜಗಳ ಆಗಿತ್ತಾ?"

"ಜಗಳ ಇಲ್ಲ. ಬಿರುಗಾಳಿ ದಿನ ಒಬ್ಬ ಡೆಲಿವರಿ ಹುಡುಗ ಬಿದ್ದನಲ್ಲ, ಅದು ಇಲ್ಲೇ. ಅವತ್ತು ನಾನು ಗಾಡಿ ಹಚ್ಚಿರಲಿಲ್ಲ."

ಬಯ್ಯೂಮಿ ತಲೆ ತಗ್ಗಿಸಿದ. ಜನವರಿಯ ಆ ಅಪಘಾತದ ಪಂಚನಾಮೆ ಬರೆದವನು ಅವನೇ. ಠಾಣೆಗೆ ಮರಳಿ ರಊಫ್ ಆ ಕಡತ ತರಿಸಿ ಓದಿದ. ಬಿದ್ದವನ ಹೆಸರು ಇಮಾದ್. ಬೈಕು ಜಾರಿ ಬಿದ್ದದ್ದು ಸ್ವಂತ ಅಜಾಗ್ರತೆಯಿಂದ. ಮೈಮೇಲೆ ಯಾವ ಕಂಪನಿಯ ಸಮವಸ್ತ್ರವೂ ಇಲ್ಲ, ಊಟದ ಚೀಲವೂ ಇಲ್ಲ. ಆ ಸಮಯದಲ್ಲಿ ಆತ ತಮ್ಮ ಕೆಲಸದಲ್ಲಿರಲಿಲ್ಲವೆಂದು ಕಂಪನಿಗಳು ಉತ್ತರಿಸಿದ್ದವು. ಪ್ರಕರಣ ಮುಕ್ತಾಯ.

"ಪ್ಯಾಂಟು ತೊಡೆವರೆಗೆ ಒದ್ದೆ, ಅಂಗಿ ಒಣಗಿತ್ತು ಅಂತ ಬರೆದಿದ್ದೀಯ," ಎಂದ ರಊಫ್.

"ಕಂಡದ್ದು ಬರೆದೆ, ಬಾಷಾ. ನಾನು ಹೋಗೋ ಹೊತ್ತಿಗೆ ಮಳೆ ನಿಂತಿತ್ತು."

"ಅಂಥ ಮಳೇಲಿ ಬರೀ ಅಂಗೀಲಿ ಬೈಕು ಓಡಿಸಿದವನ ಅಂಗಿ ಹೇಗೆ ಒಣಗಿರುತ್ತೆ? ಮೇಲೆ ಏನೋ ಇತ್ತು. ಯಾರೋ ತೆಗೆದಿದ್ದಾರೆ. ನೀನು ಬರೆದೆ, ಯೋಚನೆ ಮಾಡ್ಲಿಲ್ಲ."

"ಕೆಳಗಿನ ಸಹಿ ನಿಮ್ದು, ಬಾಷಾ."

ರಊಫ್ ಕೊನೆಯ ಹಾಳೆ ತಿರುವಿ ನೋಡಿದ. ಸಹಿ ಅವನದೇ ಆಗಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದರು. ಇಮಾದ್‌ಗೆ ಕತ್ತಿನಿಂದ ಕೆಳಗೆ ಏನೂ ಅಲುಗುತ್ತಿರಲಿಲ್ಲ. ಹಾಸಿಗೆಯ ಪಕ್ಕ ಹೆಂಡತಿ ನಗ್ಲಾ ಕೂತಿದ್ದಳು. ಪೊಲೀಸರನ್ನು ಕಂಡು ಎದ್ದಳು.

"ಈಗ ಬಂದ್ರಾ? ಠಾಣೆಯಿಂದ ಇಲ್ಲಿಗೆ ಬರೋಕೆ ತಿಂಗಳು ಬೇಕಾಯ್ತಾ? ಆ ಮೇಲ್ವಿಚಾರಕನಿಗೆ ಒಂದು ಏಟು ಬಿತ್ತಂತೆ, ರೈಡರ್‌ಗಳು ಹೇಳಿದ್ರು. ಅದಕ್ಕೇ ಓಡಿ ಬಂದಿದ್ದೀರಿ, ಅಲ್ವಾ?"

ರಊಫ್ ಇಮಾದ್‌ನ ಕಡೆ ಬಾಗಿದ. "ಅವತ್ತು ಮೈಮೇಲೆ ಏನು ಹಾಕಿದ್ದೆ?"

"ಎರಡು ಜಾಕೆಟ್. ಮೇಲೆ ನೀಲಿ, ಒಳಗೆ ಹಸಿರು ಕಂಪನೀದು. ಹೋಟೆಲಲ್ಲಿ ಯಾವ ಕಂಪನಿ ಆರ್ಡರ್ ತಗೊಳ್ತೀವೋ ಆ ಜಾಕೆಟ್ ತೋರಿಸ್ಬೇಕು. ಚೀಲದಲ್ಲೂ ಇಬ್ಬರ ಊಟ ಇತ್ತು, ಒಂದೇ ದಾರಿ."

"ಒಂದೇ ಕಂಪನಿಗೆ ದುಡೀಬಾರ್ದಾ?"

"ಒಂದನ್ನೇ ನಂಬಿದ್ರೆ ಅರ್ಧ ದಿನ ಫುಟ್‌ಪಾತಲ್ಲಿ ಫೋನ್ ನೋಡ್ತಾ ಕೂತಿರ್ಬೇಕು, ಬಾಷಾ. ಕಾದಿದ್ದಕ್ಕೆ ಯಾರು ಕೊಡ್ತಾರೆ?"

"ಬಿದ್ದ ಮೇಲೆ?"

"ಹೈಥಮ್ ಬಂದ. ಆಂಬುಲೆನ್ಸಿಗಿಂತ ಮುಂಚೆ ಬಂದ. ಯಾರೂ ಫೋಟೋ ಹೊಡೀಬೇಡಿ ಅಂದ. ಜಾಕೆಟ್ ಬಿಚ್ಚೋಕೆ ಶುರು ಮಾಡಿದ. ಕತ್ತು ನೋಯ್ತಿದೆ, ಎತ್ತಬೇಡಿ ಅಂದೆ. ಅವನು ಎತ್ತು ಅಂದ."

"ಯಾರಿಗೆ ಅಂದ?"

ಇಮಾದ್ ಕಣ್ಣು ಮುಚ್ಚಿದ. "ಗೊತ್ತಿಲ್ಲ."

ಕತ್ತು ಬಿದ್ದಾಗಲೇ ಹೋಯಿತೋ, ಎತ್ತಿದಾಗ ಹೋಯಿತೋ ಹೇಳಲಾಗದು ಎಂದರು ವೈದ್ಯರು.

ಅವರು ಮಾತಾಡುತ್ತಿರುವಾಗಲೇ ಒಬ್ಬ ತೆಳ್ಳಗಿನ ಗಂಡಸು ಬೇಳೆ ಸೂಪಿನ ಡಬ್ಬಿ ಹಿಡಿದು ಬಂದ. "ಇವರ ಜೊತೆ ಕೆಲಸ ಮಾಡ್ತಿದ್ದ ಸಬ್ರಿ," ಎಂದಳು ನಗ್ಲಾ. "ದಿನಾ ಬಂದು ತಿನ್ನಿಸ್ತಾನೆ, ಗಡ್ಡ ಹೆರೀತಾನೆ."

ಡಬ್ಬಿ ಹಿಡಿದ ಬಲಗೈಯ ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು. ರಊಫ್ ಆ ಗೆಣ್ಣುಗಳನ್ನೇ ನೋಡಿದ. ಸಬ್ರಿ ಡಬ್ಬಿಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟ.

"ನಿಮ್ಮ ಜೊತೆ ಠಾಣೆಗೆ ಬರ್ತೀನಿ, ಬಾಷಾ. ಅವನೆದುರಿಗೆ ಬೇಡ."

ಠಾಣೆಯಲ್ಲಿ ಅವನ ಹೇಳಿಕೆಯನ್ನು ಬಯ್ಯೂಮಿ ಬರೆದುಕೊಂಡ.

"ಹೈಥಮ್‌ಗೆ ನೀನೇ ಹೊಡೆದೆಯಾ?"

"ನಾನೇ. ನಿನ್ನೆ ಅದೇ ಜಾಗದಲ್ಲಿ ನಿಂತು ಹೊಸ ರೈಡರ್‌ಗಳಿಗೆ ಪಾಠ ಹೇಳ್ತಿದ್ದ. ಎರಡು ದೋಣಿ ಮೇಲೆ ಕಾಲಿಟ್ಟವನು ಇಲ್ಲೇ ಬಿದ್ದು ಹೆಣ ಆದ ಅಂದ. ಹೆಣ ಅಂದ, ಬಾಷಾ. ಎಲ್ಲ ನಕ್ಕರು. ಅವರು ಹೋಗೋವರೆಗೆ ಕಾದೆ."

"ಬಿರುಗಾಳಿ ದಿನ ಎತ್ತಿದ್ದು ಯಾರು?"

ಸಬ್ರಿ ತನ್ನ ಕೈಗಳನ್ನು ಮೇಜಿನ ಕೆಳಗೆ ಸರಿಸಿದ.

"ನಾನೇ. ಹಿಂದೆಯೇ ಬರ್ತಿದ್ದೆ. ಹೈಥಮ್ ಎತ್ತು ಅಂದ. ನನ್ನ ಚೀಲದಲ್ಲೂ ಎರಡು ಕಂಪನಿ ಊಟ ಇತ್ತು. ಅವನು ಚೀಲ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಅಷ್ಟೇ. ಭುಜ ಹಿಡಿದು ಎತ್ತಿದೆ. ನೀಲಿ ಬಿಚ್ಚಿದ ಮೇಲೆ ಒಳಗೆ ಹಸಿರು ಕಾಣ್ತು. ಸಹಾಯ ಕೇಳೋಣ ಅಂತ ಹಸಿರಿನ ಮೇಲ್ವಿಚಾರಕನಿಗೆ ಫೋನ್ ಮಾಡಿದೆ. ನಮ್ದೂ ಬಿಚ್ಚಿಬಿಡು, ಇಲ್ದಿದ್ರೆ ಪರಿಹಾರ ನಮ್ಮ ತಲೆಗೆ ಬರುತ್ತೆ ಅಂದ."

"ಬಿಚ್ಚಿದೆಯಾ?"

"ಬಿಚ್ಚಿದೆ. ಇಮಾದ್ ಬೇಡ ಬೇಡ ಅಂತಿದ್ದ. ಕೋಳಿ ಪುಕ್ಕ ಕೀಳೋ ಹಾಗೆ ಕಿತ್ತೆವು. ಜಾಕೆಟ್ಟು, ಅವನ ಚೀಲ ಎಲ್ಲ ಹೈಥಮ್ ಒಯ್ದ. ಬರೀರಿ, ಬಿಡಬೇಡಿ. ಎತ್ತಿದ್ದು ಸಬ್ರಿ ಅಂತ ಬರೀರಿ."

ಬಯ್ಯೂಮಿ ಅದನ್ನೂ ಬರೆದ.

ಸುದ್ದಿ ಹೇಗೋ ಹೊರಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ನೀಲಿ ಕಂಪನಿಯ ವಕೀಲ ಹೈಥಮ್‌ನ ಜೊತೆ ಠಾಣೆಗೆ ಬಂದ. ಕೈಯಲ್ಲಿ ರಾಜಿಪತ್ರ.

"ನಮ್ಮ ಹೈಥಮ್ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದಾರೆ, ಬಾಷಾ. ಇಬ್ಬರೂ ಸಹಿ ಹಾಕಿದ್ರೆ ಮುಗೀತು. ಇವನೂ ಮನೆಗೆ ಹೋಗ್ಲಿ. ನಾಳೆಯಿಂದಲೇ ಕೆಲಸಕ್ಕೆ ಬರ್ಲಿ, ಬ್ಲಾಕ್ ಇಲ್ಲ."

ಸಬ್ರಿ ಪತ್ರವನ್ನು ನೋಡಿದ. "ನಾನು ಬರೆಸಿದ್ದು ಏನಾಗುತ್ತೆ?"

"ಕೇಸೇ ಇಲ್ಲ ಅಂದ್ಮೇಲೆ ಅದೆಲ್ಲಿರುತ್ತಪ್ಪ?"

"ಹಾಗಾದ್ರೆ ಸಹಿ ಹಾಕಲ್ಲ."

"ತಲೆ ಕೆಟ್ಟಿದೆಯೇನೋ?" ಹೈಥಮ್ ಕೂಗಿದ. "ಜೈಲಿಗೆ ಹೋಗ್ತೀಯ!"

"ಹೋಗ್ತೀನಿ. ಹೊರಗೆ ಬಿಟ್ರೆ ನೀನು ಕೆಲಸ ಕೊಡ್ತೀಯ. ನಾಳೆ ಹೊಟ್ಟೆ ಹಸಿದಾಗ ನಾನೂ ಇಸ್ಕೊಳ್ತೀನಿ. ಆಮೇಲೆ ನಾನೇನೂ ನೋಡಿಲ್ಲ ಅಂತ ಹೇಳ್ಬಿಡ್ತೀನಿ. ನನ್ನ ನನಗೆ ಗೊತ್ತು. ಬಾಷಾ, ಒಳಗೆ ಹಾಕಿ."

ವಕೀಲ ಹೈಥಮ್‌ನ ತೋಳು ಹಿಡಿದು ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ?" ಎಂದ ರಊಫ್. "ನೀವು ಕೂತ್ಕೊಳ್ಳಿ, ಹೈಥಮ್. ಗಾಯಾಳು ಮೈಮೇಲಿನ ಬಟ್ಟೆ ಕಿತ್ತು ಸಾಕ್ಷ್ಯ ಬಚ್ಚಿಟ್ಟಿರೋದಕ್ಕೆ ನಿಮ್ಮ ಹೇಳಿಕೆ ಬೇಕು. ಬಯ್ಯೂಮಿ, ಹಸಿರಿನವನನ್ನೂ ಕರೆಸು. ಹಳೇ ಕಡತ ಮತ್ತೆ ತೆಗೀತಿದ್ದೀನಿ. ತಪ್ಪು ಸಹಿ ಹಾಕಿದ್ದು ನಾನೇ ಅಂತ ಮೊದಲನೇ ಸಾಲಲ್ಲೇ ಬರಿ."

ಹಲ್ಲೆ ಪ್ರಕರಣದಲ್ಲಿ ಸಬ್ರಿಯನ್ನು ಬಂಧಿಸಲಾಯಿತು. ಲಾಕಪ್ಪಿಗೆ ಹೋಗುವ ಮುನ್ನ ಅವನು ಒಂದೇ ಮಾತು ಕೇಳಿಕೊಂಡ. "ನಗ್ಲಾಗೆ ನೀವೇ ಹೇಳಿ. ನನ್ನ ಬಾಯಲ್ಲಿ ಬರಲ್ಲ."

ರಊಫ್ ಆಸ್ಪತ್ರೆಯ ಓಣಿಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಗೋಡೆಗೆ ಒರಗಿ ಕೇಳಿದಳು.

"ಇಮಾದ್‌ಗೆ ಗೊತ್ತು, ನನಗೂ ಹೇಳಿದ್ರು," ಎಂದಳು. "ಇಷ್ಟು ವರ್ಷ ಜೊತೆಗೆ ತಿರುಗಿದವನ ಧ್ವನಿ ಗುರುತು ಸಿಗಲ್ವಾ?"

"ಮತ್ತೆ ಸಿಟ್ಟು ಬರ್ಲಿಲ್ವಾ?"

"ಬರದೇ ಏನು? ಅವನ ಕೈಯಲ್ಲಿ ಸೂಪು ಕುಡಿಯೋವಾಗ ದಿನಾ ಹಲ್ಲು ಕಚ್ಚಿಕೊಳ್ತಿದ್ರು. ಆದ್ರೆ ಎತ್ತಿದವರಲ್ಲಿ, ಎತ್ತಿಸಿದವರಲ್ಲಿ, ಮುಚ್ಚಿ ಸಹಿ ಹಾಕಿದವರಲ್ಲಿ ಈ ಹಾಸಿಗೆ ಹತ್ರ ಬಂದವನು ಅವನೊಬ್ಬನೇ ಅಲ್ವಾ, ಬಾಷಾ?"