ಎರಡು ತಟ್ಟಿದರೆ ಸಾಕು

ವರ್ಮಾಂಟಿನ ಆ ಹಳೆಯ ಕಾಲೇಜು ಊರಿನಲ್ಲಿ ಜಾಗ ಹುಡುಕಿ ತಲೆ ಕೆಟ್ಟು, ಕೊನೆಗೆ ಗ್ರಂಥಾಲಯದ ಹಿಂದಿನ ಇಳಿಜಾರಿನಲ್ಲಿ ನಮ್ಮ ಮನೆಗಾಡಿ ನಿಲ್ಲಿಸಿದೆ. ಗಾಡಿ ಸಮನಾಗಿಲ್ಲದಿದ್ದರೆ ಮಲಗಿದವರು ಉರುಳುತ್ತಾರೆ. ನಾನು ಹೊರಗೆ ಜಾಕ್ ತಿರುಗಿಸುತ್ತೇನೆ, ಹೆಂಡತಿ ಲೋರ್ನಾ ಒಳಗೆ ರಸಮಟ್ಟದ ಗುಳ್ಳೆ ನಡುವೆ ಬಂತೇ ಎಂದು ನೋಡಿ ನೆಲ ತಟ್ಟುತ್ತಾಳೆ. ಒಂದು ತಟ್ಟಿದರೆ ಎತ್ತು, ಎರಡಾದರೆ ಸಾಕು.

ಅಂದು ಒಂದೇ ತಟ್ಟು. ಮತ್ತೂ ಒಂದೇ. ಸುಡುಬಿಸಿಲಲ್ಲಿ ಜಾಕ್ ತಿರುಗಿಸಿ ತಿರುಗಿಸಿ ಬೆನ್ನು ಬಿದ್ದುಹೋಯಿತು.

“ಸಾಕೋ ಬೇಡ್ವೋ, ಬಾಯಿಬಿಟ್ಟು ಹೇಳೇ!” ಎಂದು ಕಿರುಚಿದೆ.

ಎರಡು ತಟ್ಟು ಕೇಳಿಸಿತು.

“ಯಾರಿಗೆ ಬೈತಿದ್ದೀಯ?” ಲೋರ್ನಾ ಕಾಫಿ ಹಿಡಿದು ರಸ್ತೆಯಾಚೆಯಿಂದ ಬರುತ್ತಿದ್ದಳು. “ಬೀಗ ಹಾಕ್ಕೊಂಡು ಹೋಗ್ತೀನಿ ಅಂತ ಕೂಗಿ ಹೇಳಿದ್ನಲ್ಲ, ಕಿವುಡ!”

ಬೀಗ ತೆಗೆದೆವು. ಒಳಗೆ ಯಾರೂ ಇರಲಿಲ್ಲ, ಕಾದ ಹಂಚಿನಂಥ ಸೆಕೆ. ತಟ್ಟು ಕೇಳಿಸಿದ ಜಾಗದ ನೆಲ ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತ್ತು.

ಇಷ್ಟು ವರ್ಷಗಳಲ್ಲಿ ಲೋರ್ನಾ ಒಮ್ಮೆಯೂ ಅಷ್ಟು ಸರಿಯಾಗಿ ಹೇಳಿದ್ದಿಲ್ಲ.