ಉಸಿರು ಕಟ್ಟಿದ ಗಾಡಿ

"ನೀನಾ?"

ಬಸ್ಸಿನಿಂದ ಇಳಿದವನನ್ನು ನೋಡುತ್ತಲೇ ರೂಪಾಲಿಯ ಮುಖ ಬಿಗಿಯಿತು. ಅಪ್ಪನ ಹಳೇ ಕಾರು ನಿಪ್ಪಾಣಿ ರಸ್ತೆಯ ಬದಿಗೆ ನಿಂತುಬಿಟ್ಟಿತ್ತು. ಚಿಕ್ಕೋಡಿ ಇನ್ನೂ ದೂರ. ಊರು ಕರೋಶಿ, ಅದಕ್ಕಿಂತ ದೂರ.

"ನಾ ಉಸ್ಮಾನ ಚಾಚಾಗ ಫೋನ್ ಮಾಡಿದ್ನಿ. ನಿನಗಲ್ಲ."

"ಚಾಚಾ ರಾಯಬಾಗಕ್ಕ ಹೋಗ್ಯಾರ. ಗ್ಯಾರೇಜಿನ್ಯಾಗ ನಾ ಒಬ್ಬನ ಇದ್ನಿ..." ಪಾರಿಸ ತಲೆ ತಗ್ಗಿಸಿದ. "ವಾಪಸ್ ಹೋಗಲೇನು?"

'ಹೋಗು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಿಂದಿನ ಸೀಟಿನಲ್ಲಿ ಅವ್ವ ತಾರವ್ವ, ಆಪರೇಷನ್ ಆದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಒರಗಿದ್ದಳು.

"ಯಾರಬೇ ಅಂವ?"

"ಮೇಸ್ತ್ರಿ, ಅವ್ವಾ."

ಹೆಸರು ಹೇಳಲಿಲ್ಲ. ವರ್ಷದಿಂದ ಆ ಮನೆಯಲ್ಲಿ ಆ ಹೆಸರು ಯಾರೂ ಎತ್ತಿರಲಿಲ್ಲ.

ಮೊದಲು ಹಾಗಿರಲಿಲ್ಲ! ಡಿಪ್ಲೊಮಾ ಓದುವಾಗ ಎಲ್ಲ ಸರ್‌ಗಳ ದನಿ ಹಾಗೇ ತೆಗೆದು ಕ್ಲಾಸು ನಗಿಸುತ್ತಿದ್ದವನು ಪಾರಿಸ. ಗ್ಯಾರೇಜಿಗೆ ಬಂದವರಿಗೆಲ್ಲ ಅವನದು ಒಂದೇ ಪ್ರಶ್ನೆ, "ಗಾಡಿ ಹೆಂಗ ಅಳ್ತೈತಿ? ಬಾಯಿಲೆ ಮಾಡಿ ತೋರಸ್ರಿ!" ಮೀಸೆ ಹೊತ್ತ ಗೌಡರೂ ಅವನ ಮುಂದೆ ನಿಂತು ಗುರ್ರ್, ಫಟ್ ಅನ್ನಲೇಬೇಕು.

ಅಪ್ಪ ಧರೆಪ್ಪನಿಗೆ ಈ ಹುಡುಗನೆಂದರೆ ಜೀವ. "ಪರುಷ ಮುಟ್ಟಿದ್ರ ಕಬ್ಬಿಣ ಬಂಗಾರ ಆಕ್ಕೈತಂತ. ಈ ಪಾರಿಸ ಮುಟ್ಟಿದ್ರ ನನ್ನ ಬಿಳಿ ಅಂಗಿ ಮಸಿ ಆಗ್ತೈತಿ!" ಎಂದು ರೇಗಿಸುತ್ತಲೇ ಮಗಳನ್ನು ಕೊಡುವ ಮಾತು ಆಡಿದ್ದ.

ಆಮೇಲೆ... ಆ ದಿನ.

ಎದೆನೋವೆಂದ ಅಪ್ಪನನ್ನು ಕೂರಿಸಿಕೊಂಡು ನಿಪ್ಪಾಣಿಯ ಆಸ್ಪತ್ರೆಗೆ ಹೊರಟಿದ್ದಳು ರೂಪಾಲಿ. ಇದೇ ರಸ್ತೆಯಲ್ಲಿ ಕಾರು ನಿಂತಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಿಂದಿನ ದಿನವಷ್ಟೇ ಕಾರಿನ ಸರ್ವಿಸ್ ಮಾಡಿದ್ದವನು ಪಾರಿಸ. ರಸ್ತೆಯಲ್ಲಿ ನಿಂತ ಕಾರನ್ನು ಬಿಚ್ಚಿ ನೋಡಿ, ಚಾಲೂ ಮಾಡಿ ಮನೆಗೆ ತಂದವನೂ ಅವನೇ. ಅಂಗಳದ ತುಂಬ ಜನ ಸೇರಿದ್ದಾಗಲೇ ಅವಳು ಚೀರಿದ್ದಳು, "ಏನ ನೋಡಿದಿ ನೀ ಗಾಡೀನ? ಏನ ನೋಡಿದಿ?"

"ನಂದ ತಪ್ಪು, ರೂಪಾ."

ಅಷ್ಟೇ. ಅಂದಿನಿಂದ ಅವಳು ಅವನೊಂದಿಗೆ ಮಾತಾಡಲಿಲ್ಲ. ಅಳಲೂ ಇಲ್ಲ. ಕಣ್ಣೀರು ಇರಬೇಕಾದ ಜಾಗದಲ್ಲಿ ಸಿಟ್ಟು ಮನೆ ಮಾಡಿತ್ತು.

"ಹೆಂಗ ನಿಂತಿತು?" ಈಗ ಅವನು ಮೆಲ್ಲಗೆ ಕೇಳಿದ.

"ಮೊದಲ ಎಳಿಯೂದು ಕಡಿಮಿ ಆತು. ಆಮ್ಯಾಲೆ ಖಕ್... ಖಕ್... ಸುಮ್ನ ಆತು. ಸ್ವಲ್ಪ ಹೊತ್ತು ಬಿಟ್ರ ಚಾಲೂ ಆಗ್ತೈತಿ, ಮುಂದ ಹೋಗಿ ಮತ್ತ ನಿಲ್ತೈತಿ."

ಹಳೇ ಅಭ್ಯಾಸ! ತನ್ನ ಬಾಯಿಂದ ಹೊರಟ 'ಖಕ್ ಖಕ್' ಕೇಳಿ ಅವಳೇ ಬೆಚ್ಚಿದಳು. ಇಬ್ಬರೂ ಮುಖ ತಿರುಗಿಸಿದರು.

ಅವನು ಬಾನೆಟ್ ಎತ್ತಿದ. ಪ್ಲಗ್ ಬಿಚ್ಚಿ ನೋಡಿದ, ಕಿಡಿ ಸರಿಯಾಗಿಯೇ ಹಾರಿತು. ಪೆಟ್ರೋಲ್ ಪೈಪು ಬಿಚ್ಚಿ ಅವಳಿಂದ ಸೆಲ್ಫ್ ಹೊಡೆಸಿದ. ಬಂದದ್ದು ಬರೀ ಹನಿ ಹನಿ.

ಅವನ ಕಣ್ಣು ಹಿಂದೆ, ಪೆಟ್ರೋಲ್ ಟಾಕಿಯ ಮುಚ್ಚಳದ ಕಡೆ ಹೋಗಿ ಬಂತು. ಮತ್ತೆ ಸುಮ್ಮನೆ ಪಂಪು ಒರೆಸಿದ. ಮತ್ತೆ ಫಿಲ್ಟರು ತಟ್ಟಿದ.

"ರೂಪಾ, ಆ ಅಂಗಡ್ಯಾಗ ಅವ್ವಗ ನೀರ ತಗೊಂಡ ಬಾ."

"ನೀರ ಐತಿ."

"ತಣ್ಣಂದು ತಾ."

'ನನ್ನನ್ಯಾಕೆ ದೂರ ಕಳಿಸ್ತಾನೆ?' ನಾಲ್ಕು ಹೆಜ್ಜೆ ಹೋಗಿರಬೇಕು, ಬೆನ್ನ ಹಿಂದೆ ಸದ್ದಾಯಿತು.

ಹುಸ್ಸ್ಸ್...

ಎಷ್ಟೋ ಹೊತ್ತು ಉಸಿರು ಕಟ್ಟಿಕೊಂಡವರು ಒಮ್ಮೆಲೇ ಗಾಳಿ ಎಳೆದುಕೊಂಡಂತೆ! ರೂಪಾಲಿ ತಿರುಗಿದಳು. ಟಾಕಿಯ ಮುಚ್ಚಳ ತೆರೆದಿತ್ತು. ಪಾರಿಸ ಥಟ್ಟನೆ ಮುಷ್ಟಿ ಮುಚ್ಚಿದ.

"ಮುಷ್ಟಿ ತೆಗಿ."

"ಏನಿಲ್ಲ... ಕಸ."

"ಪಾರಿಸ, ತೆಗಿ!"

ಅಂಗೈಯಲ್ಲಿ ದುಂಡಗೆ ಕತ್ತರಿಸಿದ ಹಾಲಿನ ಪಾಕೀಟು. ಬೆಳಿಗ್ಗೆ ಆಸ್ಪತ್ರೆಯಿಂದ ಹೊರಡುವಾಗ ಅವಳೇ ಇಟ್ಟದ್ದು. ಮುಚ್ಚಳದ ರಬ್ಬರು ಸವೆದು ಪೆಟ್ರೋಲ್ ವಾಸನೆಗೆ ಅವ್ವನ ಹೊಟ್ಟೆ ತೊಳಸುತ್ತಿತ್ತು. ಉಪ್ಪಿನಕಾಯಿ ಬರಣಿಯ ಮುಚ್ಚಳ ಸಡಿಲಾದರೆ ಮಾಡುವ ಹಾಗೆ, ಅಡಿಗೊಂದು ಪ್ಲಾಸ್ಟಿಕ್ ಇಟ್ಟು ಬಿಗಿಯಾಗಿ ತಿರುವಿದ್ದಳು.

"ಇದರಿಂದ ಗಾಡಿ ನಿಲ್ತೈತೇನು?"

"ಮುಚ್ಚಳದಾಗ ಸಣ್ಣ ತೂತ ಇರ್ತೈತಿ. ಪೆಟ್ರೋಲ ಹೋದಂಗ ಒಳಗ ಗಾಳಿ ಬರಬೇಕು. ಬರಲಿಲ್ಲಂದ್ರ ಪೆಟ್ರೋಲ ಇಂಜಿನ್ನಿಗಿ ಹರಿಯಂಗಿಲ್ಲ."

ರೂಪಾಲಿ ಆ ಪಾಕೀಟನ್ನು ಅವನ ಅಂಗೈಯಿಂದ ಎತ್ತಿಕೊಂಡಳು. ಅವತ್ತೂ ಇಟ್ಟಿದ್ದಳು! ವಾಸನೆಗೆ ಅಪ್ಪನಿಗೆ ವಾಂತಿ ಬರುತ್ತದೆಂದು. ಸೀಟಿಗೆ ಒರಗಿ ಅಪ್ಪ ಅಂದಿದ್ದ, "ಇವತ್ತ ವಾಸನಿ ಇಲ್ಲ ನೋಡವ್ವಾ. ಹಗರ ಅನಸಾಕತ್ತೈತಿ..."

ಅವನ ಕೊನೆಯ ಮಾತು ಅದು.

"ಅವತ್ತೂ ಇದ ಇತ್ತಲ್ಲ?"

"ಇಲ್ಲ."

"ನನ್ನ ಮಾರಿ ನೋಡಿ ಹೇಳು."

ಊರವರೆಲ್ಲರ ದನಿ ತೆಗೆಯುವವನಿಗೆ ಸುಳ್ಳಿನ ದನಿ ಮಾತ್ರ ಬರಲಿಲ್ಲ.

"ಗೊತ್ತಿದ್ದೂ ಯಾಕ ತಪ್ಪು ನಿಂದಂದಿ?"

"ಅಪ್ಪನ ಕಳಕೊಂಡಿದ್ದಿ, ರೂಪಾ. ಅದರ ಮ್ಯಾಲೆ ಇದನ್ನೂ ಹೆಂಗ ಹೊರಸಲಿ? ನನ್ನ ಮ್ಯಾಲೆ ಸಿಟ್ಟಾದ್ರ ನೀ ಎದ್ದು ನಿಲ್ತಿ ಅನ್ಕೊಂಡ್ನಿ..."

"ಗಾಡಿ ನಿಲ್ಲದಿದ್ರ ಅಪ್ಪ ಉಳೀತಿದ್ನೇನು?"

ಅವನು ಟಾಕಿಯ ಮುಚ್ಚಳ ತಿರುವಿ ಹಾಕಿದ. "ಗೊತ್ತಿಲ್ಲ. ಇನ್ನ ಮುಂದ ನಿನಗ ಸುಳ್ಳ ಹೇಳಂಗಿಲ್ಲ. ಆದ್ರ ಧರೆಪ್ಪ ಕಾಕಾ ವಾಸನಿ ತ್ರಾಸ ಇಲ್ಲದ ಹೋದ್ರು. ಅದೂ ನೀ ಮಾಡಿದ್ದ."

ಅಷ್ಟು ಸಾಕಾಯಿತು. ರೂಪಾಲಿ ಕಾರಿಗೊರಗಿ ಕುಸಿದಳು. ವರ್ಷದ ಅಳು ಒಮ್ಮೆಲೇ ಬಂತು... ಸಮಾಧಾನ ಮಾಡಲು ಹೋಗದೆ ಪಾರಿಸ ಪಕ್ಕದಲ್ಲಿ ಮಣ್ಣಿನಲ್ಲೇ ಕುಳಿತ.

"ಅಳ್ಲಿ ಬಿಡಪಾ," ಒಳಗಿಂದ ತಾರವ್ವ ಅಂದಳು. "ಒಂದ ಹನಿ ಹಾಕಿದ್ದಿಲ್ಲ ಅಕಿ. ಪಾರಿಸಾ... ಮೇಸ್ತ್ರಿ ಅಂದ್ರ ನನಗ ತಿಳಿಯಾಂಗಿಲ್ಲೇನು? ಒಮ್ಮೆ ಅವರಂಗ ಮಾತಾಡು. ಒಂದ ಕಣ್ಣ ಡಾಕ್ಟರ ಕಟ್ಟ್ಯಾರ, ಇನ್ನೊಂದ ನಾನ ಮುಚ್ಗೋತೀನಿ."

ಆ ದಿನದಿಂದ ಅವನು ಯಾರ ದನಿಯನ್ನೂ ತೆಗೆದಿರಲಿಲ್ಲ. ರೂಪಾಲಿಯತ್ತ ನೋಡಿದ. ಅವಳು ಕಣ್ಣಲ್ಲೇ ಹೂಂ ಅಂದಳು.

ಪಾರಿಸ ಧರೆಪ್ಪನಂತೆಯೇ ಕೆಮ್ಮಿದ. "ರೂಪವ್ವಾ... ಸಾವಕಾಶ ಹೊಡಿ. ಅವ್ವ ಅಂಜತಾಳ."

ತಾರವ್ವ ಸೆರಗು ಬಾಯಿಗೊತ್ತಿಕೊಂಡಳು. ರೂಪಾಲಿ ಎದ್ದು ಸ್ಟೇರಿಂಗ್ ಮುಂದೆ ಕುಳಿತಳು. ಕಾರು ಚಾಲೂ ಆಯಿತು. ಪೆಟ್ರೋಲ್ ವಾಸನೆ ಮೆಲ್ಲಗೆ ಒಳಗೆ ಬಂತು. ಪಕ್ಕದ ಬಾಗಿಲು ಅವಳೇ ಬಾಗಿ ತೆರೆದಳು.

"ಪಾರಿಸ... ಈಗ ನಿನ್ನ ದನಿಯೊಳಗ ಏನರ ಹೇಳು."

ಅವನು ತೆರೆದ ಬಾಗಿಲಿಗೆ ಕೈಯಿಟ್ಟ. "ನಿನ್ನ ಬಿಟ್ಟ ಇರಾಕ ಬರವಲ್ದು, ರೂಪಾ."

"ಹತ್ತು. ಮನಿಗಿ ಹೋಗೂಣು."

"ವಾಸನಿ ಬರಾಕತ್ತೈತಲ್ಲ..."

"ಬರ್ಲಿ," ಅಂದಳು ಅವಳು, ಕಣ್ಣೊರೆಸಿಕೊಳ್ಳದೆ. "ಕಿಟಕಿ ತೆಗಿ."